ದೊಡ್ಡಮ್ಮನ ಮನೆಯ ಎರಡನೇ ಗುರುತು

ನಮ್ಮ ಮಾವನವರನ್ನು ಬಂದರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಆಕಡೆ’ ಎಂದರೆ ಸಾಕಿತ್ತು. ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಹೊರುವವನಿಂದ ಹಿಡಿದು ಮೀನುಗಾರರ ಸಂಘದ ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಅದೇ. ದೋಣಿ ಕಟ್ಟಿ ಮೇಲೆ ಬರುವ ಮುದುಕನನ್ನು ‘ಇವತ್ತು ಎಲ್ಲಿಗೆ ಹೋಗಿದ್ರಿ?’ ಎಂದು ಯಾರೇ ಕೇಳಲಿ, ಗದ್ದವನ್ನು ಒಂದಿಷ್ಟು ಎತ್ತಿ ‘ಹೀಗೇ, ಆ ಕಡೆ’ ಎನ್ನುತ್ತಿದ್ದರು. ಗದ್ದ ತೋರಿಸಿದ ದಿಕ್ಕಿನಲ್ಲಿ ಸಮುದ್ರವೂ ಇರಬಹುದು, ಸಂಘದ ಕಕ್ಕಸೂ ಇರಬಹುದು.

ಇದನ್ನು ಸುಳ್ಳು ಅಂತ ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಕ್ಕದ ದೋಣಿಯ ಹಗ್ಗ ತೇಲಿ ಬಂದರೆ ಒಣಗಿಸಿ, ಸುತ್ತಿ, ಅವನ ಮನೆ ಬಾಗಿಲಿಗೆ ತಂದುಕೊಡುವ ಗಂಡಸು ಮೀನು ಹಿಡಿದ ಜಾಗ ಕೇಳಿದರೆ ಮಾತ್ರ ರೆಪ್ಪೆ ಮಿಟುಕಿಸದೆ ಸುಳ್ಳು ಹೇಳುತ್ತಾನೆ. ಅದು ಸುಳ್ಳೆಂದು ಕೇಳಿದವನಿಗೂ ಗೊತ್ತು. ನಿಜ ಹೇಳಿದರೇ ಅವನು ಗಾಬರಿಯಾದಾನು. ಬಂದರಿನ ಎಡಕ್ಕೆ ಬೋಳುಬಯಲು ಎಂಬ ಜಾಗವಿದೆ. ನೀರಿನಡಿ ಬರೀ ಕೆಸರು. ಬಲೆ ಹಾಕಿದರೆ ಜೆಲ್ಲಿಮೀನು ಬಿಟ್ಟು ಬೇರೇನೂ ಹತ್ತುವುದಿಲ್ಲ. ಬಿಡದೆ ಪೀಡಿಸಿ ಕೇಳುವವರಿಗೆ ಎಲ್ಲರೂ ಹೇಳುವ ಹೆಸರು ಅದೊಂದೇ. ‘ಬೋಳುಬಯಲಿಗೆ ಹೋಗಿದ್ದೆ’ ಎಂದರೆ ಮುಂದೆ ಕೇಳಬೇಡ ಎಂದು ತಿಳಿದುಕೊಳ್ಳಬೇಕು.

ಈ ವಿದ್ಯೆಯಲ್ಲಿ ನಮ್ಮ ಮಾವ ಪಳಗಿದ ಕೈ. ಹೊರಡುವಾಗ ಮೊದಲು ಎಡಕ್ಕೆ ಹೋಗಿ, ದಡದವರ ಕಣ್ಣು ತಪ್ಪಿದ ಮೇಲೆ ದೊಡ್ಡ ಸುತ್ತು ಹಾಕಿ ಬಲಕ್ಕೆ ಹೊರಳುತ್ತಿದ್ದರು. ಗಾಳ ಬಿಟ್ಟು ಕೂತಿರುವಾಗ ಇನ್ನೊಂದು ದೋಣಿ ಹತ್ತಿರ ಸುಳಿದರೆ, ಸರಸರನೆ ಹುರಿ ಎಳೆದುಕೊಂಡು, ಇಂಜಿನ್ನಿನ ಮುಚ್ಚಳ ತೆಗೆದು, ಅದಕ್ಕೆ ಬೈಯುತ್ತಾ ಕೂರುತ್ತಿದ್ದರು. ವಾಪಸು ಬರುವಾಗ ಲಂಗರನ್ನು ನಡುನೀರಿನಲ್ಲೇ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಲಂಗರಿಗೆ ಹತ್ತಿದ ಕಪ್ಪು ಮರಳು, ಚಿಪ್ಪಿನ ಚೂರು ನೋಡಿ ದೋಣಿ ಎಲ್ಲಿ ನಿಂತಿತ್ತೆಂದು ಹೇಳಿಬಿಡುವ ಕಣ್ಣುಗಳು ಬಂದರಿನಲ್ಲಿ ಬೇಕಾದಷ್ಟಿವೆ. ಎಲ್ಲರೂ ದೋಣಿಗೆ ಜಿಪಿಎಸ್ ಪೆಟ್ಟಿಗೆ ಹಾಕಿಸಿಕೊಂಡರೂ ಇವರು ಮಾತ್ರ ಬೇಡವೆಂದರು. ‘ಅದು ಎಲ್ಲಾನೂ ನೆನಪಿಟ್ಕೊಳ್ಳುತ್ತೆ ಕಣಮ್ಮ, ಆಮೇಲೆ ಯಾರು ಗುಂಡಿ ಒತ್ತಿದ್ರೂ ಬಾಯಿ ಬಿಡುತ್ತೆ’ ಎಂದು ನನಗೆ ಹೇಳಿದ್ದರು.

ಅವರದೊಂದು ಜಾಗವಿತ್ತು. ನೀರಿನಡಿ ಮುಳುಗಿದ ಒಂದು ಬಂಡೆ, ಅದರ ಸಂದಿಗೊಂದಿಗಳಲ್ಲಿ ಕೆಂಪು ಮೀನು. ಮನೆಯಲ್ಲಿ ಅದಕ್ಕೆ ‘ದೊಡ್ಡಮ್ಮನ ಮನೆ’ ಎಂದು ಹೆಸರು. ಯಾವ ಹೊತ್ತಿಗೆ ಹೋದರೂ ಬರಿಗೈಲಿ ಕಳಿಸುವುದಿಲ್ಲ, ಅದಕ್ಕೇ. ಅವರಪ್ಪ ಅವರಿಗೆ ಹೇಳಿಕೊಟ್ಟದ್ದು. ದಡದ ಮೇಲಿನ ಎರಡೆರಡು ವಸ್ತುಗಳನ್ನು ಒಂದರ ಹಿಂದೆ ಒಂದು ಕೂಡಿಸಿದರೆ ಒಂದು ಗೆರೆ. ಅಂಥ ಎರಡು ಗೆರೆ ಕೂಡುವಲ್ಲಿ ಬಂಡೆ. ಅದನ್ನು ಗುರುತು ಅನ್ನುತ್ತಾರೆ. ಮೊದಲನೆಯ ಗುರುತನ್ನು ಮಗನ ಮದುವೆಯಾದಾಗ ಹೇಳುವುದು, ಎರಡನೆಯದನ್ನು ದೋಣಿ ಒಪ್ಪಿಸುವ ದಿನ ನೀರಿನ ಮೇಲೇ ತೋರಿಸುವುದು: ಈ ಮನೆಯಲ್ಲಿ ಹಾಗೇ ನಡೆದು ಬಂದಿತ್ತು.

ನನ್ನ ಗಂಡನಿಗೆ, ಅಂದರೆ ನಮ್ಮವರಿಗೆ, ಆ ಮೊದಲನೆಯದು ಮಾತ್ರ ಗೊತ್ತಿತ್ತು: ಐಸ್ ಫ್ಯಾಕ್ಟರಿಯ ಚಿಮಣಿ ನೀರಿನ ಟ್ಯಾಂಕಿನ ಹಿಂದೆ ಅಡಗಬೇಕು. ಒಂದೇ ಗೆರೆ ಇಟ್ಟುಕೊಂಡು ಏನು ಮಾಡುವುದು? ದಡದಿಂದ ಆಕಾಶದ ಅಂಚಿನವರೆಗೆ ಹುಡುಕುತ್ತಾ ಹೋಗಬೇಕು. ಅವರು ಬೇರೆಯವರ ದೊಡ್ಡ ಬೋಟಿನಲ್ಲಿ ಬಲೆ ಎಳೆಯುವ ಕೆಲಸಕ್ಕಿದ್ದರು. ಹೋದರೆ ವಾರಗಟ್ಟಲೆ ಮನೆ ಮುಖ ಕಾಣುತ್ತಿರಲಿಲ್ಲ. ಬೋಟಿನ ಮಾಲೀಕ ತಂದೆ ವಯಸ್ಸಿನವರಿಗೂ ಏಕವಚನದಲ್ಲಿ ಬೈಯುವ ಆಸಾಮಿ. ‘ಅಪ್ಪ ದೋಣಿ ಕೊಟ್ಟ ದಿನ ಇವನ ಮುಖಕ್ಕೆ ನಮಸ್ಕಾರ ಹೊಡೆದು ಬಂದ್ಬಿಡ್ತೀನಿ’ ಎಂಬುದೊಂದೇ ನಮ್ಮವರ ಆಸೆ. ನನ್ನ ಆಸೆಯೂ ಅದೇ. ಮಾವನ ಬೆರಳುಗಳು ಆಗಲೇ ಮರಗಟ್ಟಿದ್ದವು. ಅಂಗಿಯ ಗುಂಡಿಯನ್ನು ನಾನೇ ಹಾಕಿಕೊಡಬೇಕಿತ್ತು. ಒಂದು ಬೆಳಿಗ್ಗೆ ಹಾಗೆ ಗುಂಡಿ ಹಾಕಿಸಿಕೊಳ್ಳುತ್ತಾ, ‘ಬಿರುಗಾಳಿ ಕಾಲ ಕಳೀಲಿ. ದೋಣಿ ಅವನದು, ದೊಡ್ಡಮ್ಮನ ಮನೇನೂ ಅವನದು’ ಅಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಸಲವೇ ಸರ್ಕಾರದ ಕಡೆಯಿಂದ ನಕ್ಷೆ ಮೇಡಂ ಬಂದದ್ದು. ಕನ್ನಡಕ ಹಾಕಿದ, ಮೆಲುಮಾತಿನ ಹೆಂಗಸು. ಸಂಘದ ಹಾಲಿನಲ್ಲಿ ಮೇಜುಗಳನ್ನು ಜೋಡಿಸಿ, ಮೇಲೆ ಹಾಸಿಗೆಯಷ್ಟು ದೊಡ್ಡ ಕಡಲ ನಕ್ಷೆ ಹರಡಿದರು. ಕಂಪ್ಯೂಟರಿನೊಳಗೆ ಇಂಥದೇ ಒಂದು ಸಮುದ್ರ ಮಾಡಿಟ್ಟಿದ್ದೀವಿ ಅಂದರು. ಉಬ್ಬರ ಇಳಿತ, ನೀರಿನ ಸೆಳೆತ, ನದಿ ತರುವ ಕೆಸರು, ಮೀನು ಮೊಟ್ಟೆಯಿಡುವ ಕಾಲ ಎಲ್ಲ ಅದರಲ್ಲಿದೆಯಂತೆ. ‘ಇಲ್ಲಿ ಗೋಡೆ ಕಟ್ಟಿದ್ರೆ ದಡ ಎಲ್ಲಿ ಕೊರೆಯುತ್ತೆ, ಇಲ್ಲಿ ಬಲೆ ನಿಲ್ಲಿಸಿದ್ರೆ ಮರಿ ಎಷ್ಟು ಉಳಿಯುತ್ತೆ ಅಂತ ಮೊದಲು ಅದ್ರಲ್ಲಿ ಮಾಡಿ ನೋಡ್ತೀವಿ. ಆಮೇಲೆ ನಿಜವಾದ ಸಮುದ್ರಕ್ಕೆ ಕೈ ಹಾಕೋದು. ಆದ್ರೆ ದೋಣಿಗಳು ಎಲ್ಲೆಲ್ಲಿ ಹೋಗ್ತವೆ ಅಂತ ನೀವು ಹೇಳಿದಷ್ಟೇ ಅದಕ್ಕೆ ಗೊತ್ತಾಗೋದು’ ಎಂದು ಒಂದೊಂದು ದೋಣಿಗೆ ಒಂದೊಂದು ಹಿಡಿ ಅಂಗಿ ಗುಂಡಿ ಕೊಟ್ಟರು. ಮೀನು ಹಿಡಿಯುವ ಜಾಗದ ಮೇಲೆ ಗುಂಡಿ ಇಡಬೇಕು.

ಅಯ್ಯೋ ಪುಣ್ಯಾತ್ಗಿತ್ತಿ! ನಮ್ಮ ಗಂಡಸರಿಗೆ, ಅದೂ ಎಲ್ಲರ ಎದುರಿಗೆ, ಎಲ್ಲಿ ಮೀನು ಹಿಡೀತೀರಿ ತೋರಿಸಿ ಎನ್ನುವುದೆ? ನಾನು ಚಹಾ ಹಂಚುತ್ತಾ ನೋಡುತ್ತಿದ್ದೆ. ಮೊದಲು ಅಧ್ಯಕ್ಷರು ಗಂಭೀರವಾಗಿ ಬಂದು ತಮ್ಮ ಗುಂಡಿಗಳನ್ನೆಲ್ಲ ಬೋಳುಬಯಲಿನ ಮೇಲೆ ಸುರಿದರು. ಹಿಂದೆಯೇ ನಮ್ಮ ಎದುರುಮನೆಯ ಬಲೆಗಾರ, ಅವನೂ ಅಲ್ಲೇ. ಮಾವನ ಸರದಿ ಬಂತು. ಬೆರಳು ಬಗ್ಗದಿದ್ದರೂ ಒಂದೊಂದೇ ಗುಂಡಿ ಎತ್ತಿ, ಏನೋ ನೆನಪು ಮಾಡಿಕೊಳ್ಳುವವರ ಹಾಗೆ ಹಣೆ ಗಂಟು ಹಾಕಿ, ಎಲ್ಲವನ್ನೂ ಬೋಳುಬಯಲಿನಲ್ಲೇ ಇಟ್ಟರು. ಕೊನೆಗೆ ಅಲ್ಲಿ ಜಾಗ ಸಾಲದೆ ಗುಂಡಿಯ ಮೇಲೆ ಗುಂಡಿ ಕೂತಿತು. ‘ಇಷ್ಟೊಂದು ದೋಣಿ ಇಲ್ಲಿಗೇ ಹೋಗ್ತವಾ?’ ಎಂದು ಮೇಡಂ ಎರಡು ಸಲ ಕೇಳಿದರು, ಪಾಪ. ‘ಹೌದು ಮೇಡಂ, ಒಳ್ಳೇ ಜಾಗ’ ಎಂದು ಇಡೀ ಸಭೆಯೇ ಹೇಳಿತು. ಆ ಸಂಜೆ ಹರಾಜು ಕಟ್ಟೆಯ ಮೇಲೆ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ವರ್ಷ ಕಳೆಯಿತು. ಬಿರುಗಾಳಿ ಕಾಲ ಮುಗಿದರೂ ಮಾವ ‘ಇನ್ನೊಂದು ಸ್ವಲ್ಪ ದಿನ’ ಎನ್ನುತ್ತಾ ದೋಣಿ ಒಪ್ಪಿಸುವುದನ್ನು ಮುಂದೂಡುತ್ತಲೇ ಇದ್ದರು. ದೊಡ್ಡ ಹಡಗು ಬರಲೆಂದು ಬಂದರನ್ನು ಆಳ ಮಾಡುವ ಕೆಲಸ ಮಂಜೂರಾಯಿತು. ಅಗೆದ ಹೂಳನ್ನು ಕಡಲಲ್ಲಿ ಎಲ್ಲಾದರೂ ಸುರಿಯಬೇಕಲ್ಲ, ಮೇಡಂ ಮತ್ತೆ ಬಂದು ಗೋಡೆಯ ಮೇಲೆ ತಮ್ಮ ಸಮುದ್ರವನ್ನು ತೋರಿಸಿದರು. ದೋಣಿ ಹೆಚ್ಚಿದ್ದ ಕಡೆ ಕೆಂಪು ಬಣ್ಣ. ಬೋಳುಬಯಲು ಕೆಂಡದ ಹಾಗೆ ಹೊಳೆಯುತ್ತಿತ್ತು. ಬಲಗಡೆ ಖಾಲಿ ನೀಲಿಯ ಮೇಲೆ, ಹೂಳು ಸುರಿಯುವ ಜಾಗಕ್ಕೆ, ಒಂದು ಚೌಕ. ‘ದಡಕ್ಕೆ ಹೂಳು ವಾಪಸು ಬರಲ್ಲ, ಯಾರ ಮೀನುಗಾರಿಕೆಗೂ ತೊಂದರೆ ಇಲ್ಲ. ಇಲ್ಲಿ ಯಾರೂ ಹೋಗಲ್ಲ ಅಂತ ನಿಮ್ಮ ಮಾಹಿತಿನೇ ಹೇಳುತ್ತೆ’ ಅಂದರು.

ನಮ್ಮವರು ರಜೆಯ ಮೇಲೆ ಬಂದಿದ್ದರು, ನನ್ನ ಪಕ್ಕದಲ್ಲೇ ನಿಂತಿದ್ದರು. ಗೋಡೆಯ ಮೇಲಿನ ದಡದಲ್ಲಿ ಚಿಮಣಿ ಎಲ್ಲಿ, ಟ್ಯಾಂಕು ಎಲ್ಲಿ ಎಂದು ಹುಡುಕಿ, ಅಲ್ಲಿಂದ ಕಣ್ಣಲ್ಲೇ ಗೆರೆ ಎಳೆದರು. ಗೆರೆ ಸೀದಾ ಚೌಕದ ನಡುವೆ ಹಾಯಿತು. ಅಪ್ಪನ ಮುಖ ನೋಡಿದರು. ಮಾವ ಗೋಡೆ ನೋಡುತ್ತಿರಲಿಲ್ಲ, ತಮ್ಮ ಚಪ್ಪಲಿ ನೋಡುತ್ತಿದ್ದರು. ಅಷ್ಟರಲ್ಲೇ ನಮಗೆ ತಿಳಿದುಹೋಯಿತು.

ಮನೆಗೆ ಬಂದ ಅಪ್ಪ ಮಗ ಇಬ್ಬರೂ ತಟ್ಟೆಯ ಮುಂದೆ ಕೂತರು, ಕೈ ಹಾಕಲಿಲ್ಲ.

‘ದೊಡ್ಡಮ್ಮನ ಮನೆ ತಾನೇ ಅಪ್ಪ ಅದು?’ ಎಂದು ನಮ್ಮವರು ಕೇಳಿದರು.

ಮಾವ ಹೌದೆಂದು ತಲೆಯಾಡಿಸಿದರು.

‘ಹಾಗಾದ್ರೆ ಬಾಯಿ ಬಿಡಿ. ಇನ್ನೂ ಕೊನೇ ಸಭೆ ಇದೆ.’

‘ಬಾಯಿ ಬಿಟ್ರೆ ಬಂದರೆಲ್ಲ ಬಂದು ಕೂರುತ್ತೆ. ಬಿಡದಿದ್ರೆ ಕೆಸರು ಬಂದು ಕೂರುತ್ತೆ. ನಿನಗೆ ಏನು ಕೊಡ್ಲೋ ನಾನು?’

ನನಗೆ ತಡೆಯಲಾಗಲಿಲ್ಲ. ನನ್ನ ಬಾಯಿ ಜೋರು ಅಂತ ಊರಿಗೇ ಗೊತ್ತು. ‘ಮಾವ, ಕೆಸರು ಬಿದ್ರೆ ಯಾರಿಗೂ ಇಲ್ಲ. ಹೇಳಿದ್ರೆ ನಾಲ್ಕು ಜನರ ಜೊತೆ ನಿಮ್ಮ ಮಗನಿಗೂ ಇರುತ್ತೆ. ಅವರು ಆ ಬೋಟಿನಲ್ಲೇ ಬೈಸಿಕೊಂಡು ಸಾಯಬೇಕಾ?’ ಎಂದೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು ಅನ್ನುವವರು ಅನ್ನಲಿ. ಮಾವ ಮುಟ್ಟದ ತಟ್ಟೆಯನ್ನು ಸರಿಸಿ ಎದ್ದರು.

ನಮ್ಮವರು ಮತ್ತೆ ಬೋಟಿಗೆ ಹೋದ ಮೇಲೆ, ಒಂದು ದಿನ ಮಾವ ತಾವಾಗಿಯೇ ‘ನಡಿಯಮ್ಮ’ ಎಂದು ನನ್ನನ್ನು ಹೊರಡಿಸಿಕೊಂಡು ಮೇಡಂ ಕಚೇರಿಗೆ ಹೋದರು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ನಕ್ಷೆ, ಗಡಗಡ ಅನ್ನುವ ಫ್ಯಾನು. ಆ ಚೌಕದಲ್ಲೇ ತಮ್ಮ ಬಂಡೆಯಿದೆ ಎಂದು ಮಾವ ನಿಜ ಹೇಳಿದರು. ಅಷ್ಟು ಹೇಳುವುದರಲ್ಲಿ ಅವರ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಮೇಡಂ ಸಿಟ್ಟಾಗಲಿಲ್ಲ. ಚೌಕವನ್ನು ಎತ್ತಿ ಬೋಳುಬಯಲಿನಲ್ಲಿಟ್ಟು ಕಂಪ್ಯೂಟರನ್ನು ಓಡಿಸಿದರು. ಹೂಳು ಇಟ್ಟಲ್ಲೇ ತೆಪ್ಪಗೆ ಕೂತಿತು.

‘ಜಾಗ ಅಂದ್ರೆ ಇದೇ ಅಜ್ಜ. ಮೊದಲ ದಿನದಿಂದ ಇದೇ ಚೆನ್ನಾಗಿತ್ತು. ಆದ್ರೆ ನೋಡಿ, ಎಷ್ಟು ದೋಣಿ ಇಲ್ಲಿ!’

‘ಅಲ್ಲಿ ಒಂದು ದೋಣಿನೂ ಇಲ್ಲ ಮೇಡಂ. ಎಲ್ಲಾ ಸುಳ್ಳು’ ಎಂದೆ ನಾನು.

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ‘ಒಬ್ಬರು ಗುಂಡಿ ಎತ್ತಿದ್ರೆ ಬಣ್ಣ ಬದಲಾಗಲ್ಲಮ್ಮ. ಕೊನೇ ಸಭೇಲಿ ಎಲ್ರೂ ಎತ್ತಲಿ. ನಾನು ಊಟ ನಿದ್ದೆ ಬಿಟ್ಟಾದ್ರೂ ಮತ್ತೆ ಓಡಿಸಿ, ಮೇಲಿನವರಿಗೆ ತೋರಿಸ್ತೀನಿ.’

ಕೊನೆಯ ಸಭೆಗೆ ಸಂಘದ ಹಾಲು ಕಿಕ್ಕಿರಿದಿತ್ತು. ಮೇಡಂ ಮೇಜಿನ ಮೇಲೆ ಹಳೆಯ ನಕ್ಷೆ ಹರಡಿ, ಅದರ ಮೇಲೆ ಚೌಕ ಬರೆದು, ಮೊದಲ ಸಲ ಇಟ್ಟ ಗುಂಡಿಗಳನ್ನು ಇದ್ದ ಹಾಗೇ ಜೋಡಿಸಿದ್ದರು. ನಮ್ಮವರ ಬೋಟು ಆ ಬೆಳಿಗ್ಗೆಯೇ ಬಂದು, ಅವರು ಮೈತುಂಬ ಮೀನಿನ ವಾಸನೆ ಹೊತ್ತುಕೊಂಡೇ ಬಂದು ಹಿಂದೆ ಬಾಗಿಲಲ್ಲಿ ನಿಂತಿದ್ದರು. ಮಾವನ ಅಂಗಿಗೆ ನಾನೇ ಕತ್ತಿನವರೆಗೂ ಗುಂಡಿ ಹಾಕಿ ಕಳಿಸಿದ್ದೆ. ಅವರು ಹೋಗಿ ಮೈಕು ಹಿಡಿದರು. ‘ಆಕಡೆ ಭಾಷಣ ಮಾಡ್ತಾರಂತೆ!’ ಎಂದು ಯಾರೋ ಅಂದದ್ದಕ್ಕೆ ಜನ ನಕ್ಕರು.

‘ನಾನು ಬೋಳುಬಯಲಲ್ಲಿ ಒಂದು ದಿನಾನೂ ಗಾಳ ಬಿಟ್ಟವನಲ್ಲ. ನೀವೂ ಬಿಟ್ಟವರಲ್ಲ’ ಅಂದರು ಮಾವ. ನಗು ನಿಂತಿತು. ‘ಆ ನೀಲಿ ಚೌಕದೊಳಗೆ ಬಂಡೆ ಇದೆ. ಅದು ನಮ್ಮಪ್ಪ ಕೊಟ್ಟ ಜಾಗ. ಐಸ್ ಫ್ಯಾಕ್ಟರಿ ಚಿಮಣಿ ಟ್ಯಾಂಕಿನ ಹಿಂದೆ ಅಡಗಬೇಕು. ಅದು ಒಂದು.’

ಅಲ್ಲಿ ನಿಲ್ಲಿಸಿ ಜನರ ನಡುವೆ ಮಗನನ್ನು ಹುಡುಕಿದರು. ಸಿಕ್ಕಿದ ಮೇಲೆ ಅವರ ಮುಖವನ್ನೇ ನೋಡುತ್ತಾ ಹೇಳಿದರು.

‘ದೀಪಸ್ತಂಭದ ಬುಡ, ಗುಡ್ಡದ ಸೀಳು, ಎರಡೂ ಒಂದೇ ಗೆರೆಗೆ ಬರಬೇಕು. ಅದು ಎರಡು.’

ದೋಣಿಯಲ್ಲಿ ಅಪ್ಪ ಮಗ ಇಬ್ಬರೇ ಕೂತು, ಕೈ ಚಾಚಿ ತೋರಿಸಿ ಕೊಡಬೇಕಾದದ್ದು. ಅದನ್ನು ನಮ್ಮವರು ಕರಕರ ಅನ್ನುವ ಮೈಕಿನಲ್ಲಿ, ಅಧ್ಯಕ್ಷರು, ಬಲೆಗಾರ, ಐಸ್ ಹೊರುವವರು, ಎಲ್ಲರ ಜೊತೆ ನಿಂತು ಕೇಳಿಸಿಕೊಂಡರು. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವರ ಕೈ ಸಡಿಲವಾಗಲೇ ಇಲ್ಲ.

ಮಾವ ಮೇಜಿನ ಹತ್ತಿರ ಹೋಗಿ ಬೋಳುಬಯಲಿಂದ ತಮ್ಮ ಗುಂಡಿ ಎತ್ತಿ ಚೌಕದೊಳಗೆ ಇಟ್ಟರು. ‘ಈಗ ನೀವೂ ಎತ್ರಪ್ಪ. ಎಲ್ಲಿ ಹೋಗ್ತೀರಿ ಅಂತ ಹೇಳೋದು ಬೇಡ. ಅಲ್ಲಿಂದ ಎತ್ತಿದ್ರೆ ಸಾಕು’ ಎಂದರು. ಹೌದು, ಎತ್ತಿದರೆ ಸಾಕೆಂದು ಮೇಡಂ ಕೂಡ ಹೇಳಿದರು.

ಎದುರುಮನೆಯ ಬಲೆಗಾರ ಅರ್ಧ ಎದ್ದ. ಆಚೀಚೆ ನೋಡಿದ. ಮತ್ತೆ ಯಾರೂ ಏಳಲಿಲ್ಲ, ಅವನೂ ಕೂತ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ‘ಕೊಟ್ಟ ಮಾಹಿತಿ ಸುಳ್ಳು ಅಂತ ನಾವೇ ಒಪ್ಕೊಂಡ್ರೆ ನಾಳೆ ಸಬ್ಸಿಡಿ ಡೀಸೆಲ್ ಕಾರ್ಡಿಗೆ ಕೈ ಹಾಕ್ತಾರೆ. ಮತ್ತೆ ಈ ಚೌಕ ಅಲ್ಲಿಂದ ಎದ್ರೆ ನಮ್ಮ ತಲೆ ಮೇಲೆ ಬಂದು ಕೂರಲ್ಲ ಅಂತ ಏನು ಗ್ಯಾರಂಟಿ?’ ಅಂದರು. ಬೋಳುಬಯಲಿನಲ್ಲೇ ಕೂರುತ್ತೆ, ನಾನೇ ಮಾಡಿ ನೋಡಿದ್ದೀನಿ ಎಂದು ಮೇಡಂ ಗೋಗರೆದರು. ಅವರ ಕಂಪ್ಯೂಟರನ್ನು ಯಾರು ನಂಬುತ್ತಾರೆ? ಸುಳ್ಳು ತುಂಬಿಸಿದವರೇ ನಂಬುವುದಿಲ್ಲವಲ್ಲ. ‘ಅಯ್ಯೋ ನಿಮ್ಮ ಮುಖಕ್ಕಿಷ್ಟು, ಒಬ್ಬರಿಗಾದ್ರೂ ಗಂಡಸ್ತನ ಇಲ್ವಾ?’ ಎಂದು ನಾನು ಕೂಗಿದೆ. ಹೆಂಗಸರನ್ನು ಹೊರಗೆ ಕಳಿಸಿ ಅಂದರು. ಬೋಳುಬಯಲಿನ ಗುಂಡಿಗಳು ಇದ್ದಲ್ಲೇ ಇದ್ದವು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಬಂದರು ಖಾಲಿ. ಹೇಗೂ ಕೆಸರು ಬೀಳುತ್ತೆ, ಬೀಳುವುದರೊಳಗೆ ಸಿಕ್ಕಷ್ಟು ಬಾಚಿಕೊಳ್ಳೋಣ ಎಂದು ಎಲ್ಲರೂ ದೊಡ್ಡಮ್ಮನ ಮನೆಗೇ ಹೋಗಿದ್ದರು. ಜಗಲಿಯಲ್ಲಿ ಕೂತಿದ್ದ ಮಾವ ಮಗನಿಗೆ, ‘ನನ್ನ ದೋಣಿ ತಗೊಂಡು ಹೋಗೋ. ನೋಡ್ಕೊಂಡಾದ್ರೂ ಬಾ’ ಎಂದರು. ನಮ್ಮವರು ಹೋದರು. ಆ ಬಂಡೆಯ ಮೇಲೆ ದೋಣಿಗೆ ದೋಣಿ ತಗುಲುತ್ತಿತ್ತಂತೆ, ಬೈಗುಳ, ಕೂಗಾಟ, ಸಂತೆಯ ಹಾಗೆ. ತಮ್ಮ ಅಜ್ಜನ ಜಾಗದಲ್ಲಿ ಲಂಗರು ಬಿಡಲು ಎಡೆ ಸಿಗದೆ ಅಂಚಿನಲ್ಲಿ ನಿಂತು ಒಂದು ಕೆಂಪು ಮೀನು ತಂದರು. ಅದನ್ನು ಸಾರು ಮಾಡಿದೆ. ನಾವಿಬ್ಬರೂ ತಟ್ಟೆಗೆ ಹಾಕಿಕೊಳ್ಳಲಿಲ್ಲ. ಮಾವ ತಿಂದರು. ಬೆರಳು ಬಗ್ಗುತ್ತಿರಲಿಲ್ಲ, ಮುಳ್ಳು ನಾನೇ ಬಿಡಿಸಿಕೊಟ್ಟೆ.

ಆಮೇಲೆ ಹೂಳಿನ ಬಾರ್ಜುಗಳು ಬಂದವು. ಹಗಲಿಡೀ ಹೋಗುವುದು, ಹೊಟ್ಟೆ ತೆರೆದು ಸುರಿಯುವುದು, ಬರುವುದು. ಬಲಗಡೆಯ ನೀರು ಬಹಳ ಕಾಲ ಚಹಾದ ಬಣ್ಣಕ್ಕಿತ್ತು. ನಮ್ಮವರು ಮಾತ್ರ ಹಟಕ್ಕೆ ಬಿದ್ದವರ ಹಾಗೆ ಬೋಟಿನ ಕೆಲಸ ಬಿಟ್ಟು ಅಪ್ಪನ ದೋಣಿ ಹತ್ತಿದರು. ಬಹಳ ದಿನ ಬರಿಗೈಲಿ ಬಂದರು. ಮುಂದೊಂದು ದಿನ ಬುಟ್ಟಿಯ ತಳದಲ್ಲಿ ನಾಲ್ಕಾರು ಕೆಂಪು ಮೀನು ಕಂಡವು. ನಾನು ಕುಣಿದಾಡಿಬಿಟ್ಟೆ. ‘ಎಲ್ಲಿ ಸಿಕ್ತು ರೀ?’ ಎಂದೆ. ‘ಹೀಗೇ’ ಅಂದು ಸ್ನಾನಕ್ಕೆ ಹೋದರು.

ಮೇಡಂ ಮೂರನೆಯ ಸಲ ಬಂದರು. ಹೂಳು ಬಿದ್ದ ಮೇಲೆ ದೋಣಿಗಳು ಎಲ್ಲಿ ಹೋಗುತ್ತವೆ ಎಂದು ಹೊಸದಾಗಿ ತುಂಬಿಸಬೇಕಂತೆ. ಅದೇ ಹಾಲು, ಅದೇ ಮೇಜು, ಅದೇ ಗುಂಡಿ. ‘ಈ ಸಲ ದಯವಿಟ್ಟು ನಿಜ ಹೇಳಿ’ ಎಂದು ಕೈ ಮುಗಿದರು. ಅಧ್ಯಕ್ಷರು ಗಂಭೀರವಾಗಿ ಬಂದು ಗುಂಡಿಗಳನ್ನು ಬೋಳುಬಯಲಿನ ಮೇಲೆ ಸುರಿದರು. ಬಲೆಗಾರನೂ ಅಲ್ಲೇ. ಕೋಲೂರಿಕೊಂಡು ಬಂದಿದ್ದ ಮಾವ ಮಗನ ಪಕ್ಕ ನಿಂತು ನೋಡುತ್ತಿದ್ದರು. ನಮ್ಮವರ ಸರದಿ ಬಂತು. ಅವರ ಕೈ ನಕ್ಷೆಯ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಎಡಕ್ಕೆ ಹೋಯಿತು. ಬೋಳುಬಯಲು.

‘ಅಲ್ಲಿ ಇಡಬೇಡ ಕಣೋ’ ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. ‘ನೀನು ಹೋಗೋ ಕಡೆ ಇಡು.’

‘ನಾನು ಹೋಗೋದು ಅಲ್ಲಿಗೇ ಅಪ್ಪ’ ಎಂದರು ನಮ್ಮವರು, ರೆಪ್ಪೆ ಮಿಟುಕಿಸದೆ.

ಮನೆಯ ದಾರಿಯಲ್ಲಿ ಮಾವ ಮುಂದೆ, ನಾವಿಬ್ಬರೂ ನಾಲ್ಕು ಹೆಜ್ಜೆ ಹಿಂದೆ. ‘ಸಭೇಲಿ ಬೇಡ, ಮನೇಲಿ ಅಪ್ಪನಿಗಾದ್ರೂ ನಿಜ ಹೇಳಬಾರದಾ? ಆ ಜೀವ ನಿಮಗೋಸ್ಕರ ಅಲ್ವಾ ಅಷ್ಟೆಲ್ಲ ಮಾಡಿದ್ದು?’ ಎಂದು ಕೇಳಿದೆ.

‘ಮತ್ತೆ ಹೋಗಿ ಮೈಕಲ್ಲಿ ಹೇಳಿಬಿಟ್ರೆ?’ ಎಂದರು.

ಮಾವ ತಿರುಗಿ ನೋಡಲಿಲ್ಲ, ಕೋಲೂರುತ್ತಾ ಹಾಗೇ ನಡೆದರು. ಬೆರಳು ಹೋಗಿತ್ತು, ಕಾಲು ಹೋಗಿತ್ತು, ಆದರೆ ಕಿವಿ ಮಾತ್ರ ಸಾಯುವವರೆಗೂ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು.